ಬಾಲ ಕತ್ತರಿಸಿದ ಕುದುರೆಗಳಿಗೆ ವಿನಾಯಿತಿ

ಯುದ್ಧಕಾಲದಲ್ಲಿ ಪ್ರಜೆಗಳ ಕುದುರೆಗಳನ್ನು ಸಿಪಾಯಿಗಳು ಕಂಡಕಂಡಲ್ಲಿ ಹಿಡಿದುಕೊಂಡು ಹೋಗುವುದು ಅನ್ಯಾಯವೆಂದು ಸರ್ಕಾರಕ್ಕೆ ಮನವರಿಕೆಯಾದ ಕಾರಣ, ಇನ್ನು ಮುಂದೆ ಅವನ್ನು ನಿಯಮಪ್ರಕಾರ ಹಿಡಿದುಕೊಂಡು ಹೋಗತಕ್ಕದ್ದೆಂದು ಆಜ್ಞೆಯಾಯಿತು.

ಹಿಂದೆ ಸಿಪಾಯಿ ಬರುತ್ತಿದ್ದ, ಕುದುರೆ ಹೋಗುತ್ತಿತ್ತು, ಕುದುರೆಯವನು ಅಳುತ್ತಿದ್ದ. ನಿಯಮ ಬಂದ ಮೇಲೆ ಕ್ಯಾಪ್ಟನ್ ಸಾಹೇಬರು ಬಂದರು, ಪಶುವೈದ್ಯರು ಬಂದರು, ದುಭಾಷಿ ಬಂದ, ಎತ್ತರ ಅಳೆಯುವ ಕೋಲು ಬಂತು; ಕುದುರೆ ಹೋಯಿತು, ಕುದುರೆಯವನು ಅತ್ತ. ಆದರೆ ಈಗ ಮೊಹರು ಒತ್ತಿದ ಚೀಟಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಅಳಬಹುದಾಗಿತ್ತು. ಬರಿಗೈಯಲ್ಲಿ ಅಳುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದನ್ನು ಯಾರಾದರೂ ಒಪ್ಪಲೇಬೇಕು.

ಕರಾಸು ಹೊಳೆಯ ದಂಡೆಯ ಚಳಿಗಾಲದ ಬೀಡಿಗೆ ಈ ನಿಯಮ ತಲುಪುವ ಹೊತ್ತಿಗೆ ಹಿಮ ಕರಗಿ ಎಲ್ಲೆಲ್ಲೂ ಕೆಸರೆದ್ದಿತ್ತು. ಆ ಬೀಡಿನ ತುದಿಯಲ್ಲಿ ಉರ್ಕಿಯಾ ಎಂಬ ಮುದುಕಿಯ ಉಣ್ಣೆಗುಡಾರ. ಗುಡಾರದೊಳಗೆ ಅವಳ ಗಂಡ ಎಸಿರ್ಕೆಪ್. ಗುಡಾರದ ಹೊರಗೆ ಅವರಿಬ್ಬರ ಒಂದೇ ಒಂದು ಕುದುರೆ. ಬಣ್ಣ ಬೂದು, ಹೆಸರೂ ಬೂದ.

ಎಸಿರ್ಕೆಪ್ ಹಿಂದೊಮ್ಮೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಸೊಂಟ ಕೂಡಿಕೊಂಡಿತ್ತು, ಆದರೆ ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು. ನೆಲದ ಮೇಲೆ ಅವನು ಒಲೆಯಿಂದ ಬಾಗಿಲ ತನಕ ಹೋಗಿ ಬರುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಒಂಟೆಯ ಮೇಲೆ ಕೂರಿಸಿದರೆ ಆ ಓಲಾಟಕ್ಕೆ ಪ್ರಾಣ ಹೋಗುವಂತೆ ಕೂಗುತ್ತಿದ್ದ. ಬೂದನ ಮೇಲೆ ಕೂತರೆ ಮಾತ್ರ ಅವನು ಮತ್ತೆ ಗಂಡಸು. ಬೂದನ ನಡಿಗೆ ಅಷ್ಟು ನಯ. ಅದರ ಬೆನ್ನ ಮೇಲೆ ಬಟ್ಟಲು ತುಂಬ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆಹಾಲು, ಹಿಡಿದುಕೊಂಡು ಹೋದರೂ ಒಂದು ಹನಿ ತುಳುಕುತ್ತಿರಲಿಲ್ಲ.

ಬೇಸಿಗೆ ಮೊದಲಾದರೆ ಬೀಡಿಗೆ ಬೀಡೇ ಗುಡಾರ ಕಳಚಿಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಡುತ್ತದೆ. ಬೂದ ಸೈನ್ಯಕ್ಕೆ ಹೋದರೆ ಎಸಿರ್ಕೆಪ್ ಇಲ್ಲೇ. ಎಸಿರ್ಕೆಪ್ ಇಲ್ಲೇ ಎಂದಮೇಲೆ ಉರ್ಕಿಯಾ ಇಲ್ಲೇ. ಬಿಸಿಲಿಗೆ ಹುಲ್ಲೆಲ್ಲ ಸುಟ್ಟುಹೋಗುವ ಬಯಲಿನಲ್ಲಿ ಅವರ ಕುರಿಗಳೂ ಇಲ್ಲೇ, ಶರತ್ಕಾಲದ ಹೊತ್ತಿಗೆ ಅವುಗಳ ಮೂಳೆಯೂ ಇಲ್ಲೇ. ಇಷ್ಟೆಲ್ಲ ಆ ಒಂದು ಬೂದುಕುದುರೆಯ ಮೇಲೆ ನಿಂತಿತ್ತು.

ಕ್ಯಾಪ್ಟನ್ ಲುಕ್ಯಾನೊವ್ ಸಾಹೇಬರು ಬಹಳ ಒಳ್ಳೆಯವರು. ಯಾರ ಕುದುರೆಯನ್ನು ತೆಗೆದುಕೊಂಡರೂ ಅವರಿಗೆ ಧನ್ಯವಾದ ಹೇಳುತ್ತಿದ್ದರು. ಮೊದಲನೆಯ ದಿನ ಅವರು ಬೀಡಿನ ಅರ್ಧ ಅಳೆದು, ಕನಿಪಾ ಎಂಬ ವಿಧವೆಯ ಕರಿಕುದುರೆಯ ಬಳಿ ಬಂದರು. ಅದಕ್ಕೆ ಬಾಲವಿರಲಿಲ್ಲ, ಕತ್ತಿನ ಜೂಲೂ ಇರಲಿಲ್ಲ. ಸಿಪಾಯಿ ಹಗ್ಗಕ್ಕೆ ಕೈಹಾಕಿದ್ದೇ ತಡ, ಕನಿಪಾ ಗುಡಾರದ ಬಾಗಿಲಲ್ಲಿ ಕೂತು ದನಿ ಎತ್ತಿ ಹಾಡಿಕೊಂಡು ಅತ್ತಳು. ಅವಳ ಹಿಂದೆ ಬೀಡಿನ ಹೆಂಗಸರೆಲ್ಲ ಅತ್ತರು. ಪಶುವೈದ್ಯರು ಕಿವಿ ಮುಚ್ಚಿಕೊಂಡರು.

“ಏನಿದು?” ಎಂದು ಕ್ಯಾಪ್ಟನ್ ಸಾಹೇಬರು ಕೇಳಿದರು.

ದುಭಾಷಿ ಫಖ್ರೆತ್ತಿನ್ ಪಟ್ಟಣದವನು, ಎರಡೂ ಕಡೆಯಿಂದ ಉಣ್ಣಬಲ್ಲವನು. “ಸತ್ತವನ ಕುದುರೆ ಸಾಹೇಬರೇ. ಯಜಮಾನ ಚಳಿಗಾಲದಲ್ಲಿ ಹೋದ. ಇವರಲ್ಲಿ ಹಂಗೆ, ಯಜಮಾನ ಸತ್ರೆ ಅವನು ಹತ್ತುತಿದ್ದ ಕುದುರೆ ಬಾಲ, ಜೂಲು ಕತ್ತರಿಸಿ ಒಂದು ವರ್ಷ ಶೋಕಕ್ಕೆ ಬಿಡ್ತಾರೆ. ಯಾರೂ ಹತ್ತಂಗಿಲ್ಲ. ವರ್ಷ ತುಂಬಿದ ದಿನ ದೊಡ್ಡ ಊಟ ಹಾಕಿ ಅದನ್ನ ಕಡೀತಾರೆ.”

ಪ್ರಜೆಗಳ ಆಚಾರಕ್ಕೆ ನೋವಾಗದಂತೆ ನಡೆದುಕೊಳ್ಳಬೇಕೆಂಬ ಸುತ್ತೋಲೆಯೊಂದು ಕ್ಯಾಪ್ಟನ್ ಸಾಹೇಬರ ಚೀಲದಲ್ಲಿತ್ತು. ಅವರು ಅದನ್ನು ಓದಿ, ಅಲ್ಲಿಯೇ ನಿಂತು ಒಂದು ನಿಯಮ ಹೇಳಿ ಬರೆಸಿದರು:

“ಶೋಕಾಚರಣೆಯಲ್ಲಿರುವ ಕುದುರೆಗಳನ್ನು ಒಂದು ವರ್ಷದವರೆಗೆ ಸೈನ್ಯಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ. ಸೈನ್ಯಕ್ಕೆ ಉತ್ಸಾಹವುಳ್ಳ ಕುದುರೆಗಳು ಮಾತ್ರ ಬೇಕಾಗಿವೆ. ಬಾಲವಿಲ್ಲದಿರುವುದನ್ನು ಶೋಕಕ್ಕೆ ಸಾಕಷ್ಟು ಪುರಾವೆಯೆಂದು ಭಾವಿಸತಕ್ಕದ್ದು.”

ಆ ಹೊತ್ತಿಗೆ ಸಂಜೆಯಾಯಿತು. ಉಳಿದರ್ಧ ಬೀಡನ್ನು ನಾಳೆ ಅಳೆಯುವುದೆಂದು ನಿಶ್ಚಯಿಸಿ, ಕುದುರೆ ಸಮಿತಿಯವರು ಹೋಬಳಿ ಮುಖ್ಯಸ್ಥ ಬಾಯ್‌ಗಾರಾನ ಗುಡಾರಕ್ಕೆ ಊಟಕ್ಕೆ ಹೋದರು. ಉರ್ಕಿಯಾಳ ಗುಡಾರ ಉಳಿದರ್ಧದಲ್ಲಿತ್ತು.

ಮರುದಿನ ಬೆಳಕು ಹರಿಯುತ್ತಲೇ ಕುರಿ ಉಣ್ಣೆಯ ಕತ್ತರಿಯ ಸದ್ದು ಕೇಳಿ ಎಸಿರ್ಕೆಪ್ ಬಾಗಿಲ ಪರದೆ ಸರಿಸಿ ಇಣುಕಿದ.

“ಏ ಮುದುಕಿ, ಕುದುರೆಗೇನೇ ಮಾಡ್ತಿದ್ದೀಯ?”

“ಬಾಲ ಕತ್ತರಿಸ್ತಿದ್ದೀನಿ.”

“ಅಯ್ಯೋ! ಯಾರು ಹೋದ್ರು?”

“ನೀನು.”

ಎಸಿರ್ಕೆಪ್ ಕೈಲಿದ್ದ ಚಹಾ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. “ಯಾವಾಗ?”

“ಈಗ್ಲೇ. ಚಹಾ ಕುಡಿದು ಮುಗಿಸು, ಆಮೇಲೆ ಮಾತಾಡ್ಬೇಡ.”

“ನನ್ನನ್ನ ಒಂದು ಮಾತು ಕೇಳ್ಬಾರದಾಗಿತ್ತೇನೇ?”

“ಬದುಕಿದ್ದಾಗ ನಿನ್ನನ್ನ ಏನು ಕೇಳಿ ಮಾಡಿದ್ದೀನಿ ಹೇಳು.”

ಎಸಿರ್ಕೆಪ್ ಚಹಾ ಕುಡಿದು ಮುಗಿಸಿ, ಕಂಬಳಿ ಹೊದ್ದು ಮಲಗಿದ.

ಸಮಿತಿ ಬಂದಾಗ ಉರ್ಕಿಯಾ ಬಾಗಿಲಲ್ಲಿ ಕೂತು ಹಾಡಿಕೊಂಡು ಅಳುತ್ತಿದ್ದಳು. ಸತ್ತವನ ಗುಣಗಾನ ಮಾಡಬೇಕಾದದ್ದು ಪದ್ಧತಿ. ಮೊದಮೊದಲು ಅವಳು ಹಾಗೇ ಮಾಡಿದಳು. ಅವನು ಹದ್ದು, ಅವನು ಸಿಂಹ ಎಂದಳು. ಆದರೆ ಅಷ್ಟು ವರ್ಷದ ಸಂಸಾರ, ಬಾಯಿ ತಾನಾಗಿ ಬೇರೆ ಕಡೆ ಹೊರಳಿತು.

“ಬೆರಣಿ ತಾರೋ ಅಂದ್ರೆ ನಾಳೆ ಅಂದವನೇ… ನಮ್ಮಪ್ಪ ಕೊಟ್ಟ ಕಂಬಳೀನ ಜೂಜಲ್ಲಿ ಕಳೆದವನೇ… ಒಂದು ದಿನಾನಾದ್ರೂ ನನ್ನ ಅಡುಗೆ ಚೆನ್ನಾಗಿದೆ ಅಂದ್ಯಾ ನನ್ನ ಸಿಂಹವೇ…”

“ಅಂದಿದ್ದೆ! ನಿಮ್ಮಣ್ಣ ಬಂದಿದ್ದಾಗ ಅಂದಿದ್ದೆ!” ಎಂದು ಗುಡಾರದೊಳಗಿನಿಂದ ದನಿ ಬಂತು.

ಕ್ಯಾಪ್ಟನ್ ಸಾಹೇಬರು ತಿರುಗಿ ನೋಡಿದರು. “ಈಗ ಮಾತಾಡಿದವರು ಯಾರು?”

ಫಖ್ರೆತ್ತಿನ್ ಉರ್ಕಿಯಾಳ ಮುಖ ನೋಡಿದ. ಉರ್ಕಿಯಾ ಅಳುತ್ತಳುತ್ತಲೇ ದೊಡ್ಡಿಯಲ್ಲಿದ್ದ ಕೊಬ್ಬಿದ ಕುರಿಯೊಂದರ ಕಡೆ ಕಣ್ಣು ಹಾಯಿಸಿದಳು.

“ದಿವಂಗತರು, ಸಾಹೇಬರೇ,” ಎಂದ ಫಖ್ರೆತ್ತಿನ್.

ಕ್ಯಾಪ್ಟನ್ ಸಾಹೇಬರು ಬಗ್ಗಿ ಒಳಗೆ ನೋಡಿದರು. ಕಂಬಳಿಯ ಅಂಚಿನಿಂದ ಎಸಿರ್ಕೆಪ್ ಅವರನ್ನು ನೋಡಿದ. ಹಿರಿಯರು ಹಿರಿಯರನ್ನು ಕಂಡಾಗ ಮಾಡುವ ಹಾಗೆ ಎದೆಗೆ ಕೈಯಿಟ್ಟು ತಲೆ ಬಾಗಿಸಿದ. ಕ್ಯಾಪ್ಟನ್ ಸಾಹೇಬರೂ ತಲೆ ಬಾಗಿಸಿ ಹೊರಗೆ ಬಂದರು.

“ವೈದ್ಯರೇ, ನಿಮ್ಮ ಅಭಿಪ್ರಾಯ?”

“ನಾನು ಪಶುವೈದ್ಯ,” ಎಂದರು ಪಶುವೈದ್ಯರು. “ಕುದುರೆಗೆ ಬಾಲವಿಲ್ಲ. ಅಷ್ಟನ್ನು ಖಚಿತವಾಗಿ ಹೇಳಬಲ್ಲೆ.”

“ಸರಿ. ನಮ್ಮದು ಕುದುರೆಗಳ ಸಮಿತಿ. ಮನುಷ್ಯರು ಸತ್ತಿದ್ದಾರೋ ಇಲ್ಲವೋ ಎಂದು ನೋಡುವುದು ಬೇರೆ ಇಲಾಖೆಯ ಕೆಲಸ. ಅದರಲ್ಲಿ ನಾವು ಕೈಹಾಕುವುದು ಸಭ್ಯತೆಯಲ್ಲ.” ಹೀಗೆ ಹೇಳಿ ಅವರು ವಿಧವೆಗೆ ಸಂತಾಪ ಸೂಚಿಸಿ, ಬೂದನನ್ನು ಬಿಟ್ಟು ಮುಂದಿನ ಗುಡಾರಕ್ಕೆ ನಡೆದರು. ಮುಂದಿನ ಗುಡಾರದವನು ಅಷ್ಟರಲ್ಲೇ ಸತ್ತಿದ್ದ.

ಆ ವಾರ ಕರಾಸು ಬೀಡಿನಲ್ಲಿ ಕುದುರೆ ಉಳಿದಿದ್ದ ಗಂಡಸರೆಂಬ ಗಂಡಸರು ತೀರಿಕೊಂಡರು. ಎಲ್ಲರೂ ಶಾಂತವಾಗಿ, ಚಹಾ ಕುಡಿದಾದ ಮೇಲೆ, ಹೆಂಡತಿಯ ಒಪ್ಪಿಗೆ ಪಡೆದು ತೀರಿಕೊಂಡರು. ಸತ್ತವರೆಲ್ಲ ಸಂಜೆ ಹೊಳೆ ದಂಡೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದರು. ಒಂದು ಸಾವಿಗೆ ಒಂದು ಕುರಿ ಎಂದು ಫಖ್ರೆತ್ತಿನ್ ದರ ಗೊತ್ತುಮಾಡಿದ್ದ. ಬಡವರಿಗೆ ಕುರಿಮರಿಯೂ ನಡೆಯುತ್ತಿತ್ತು. ಸಾವು ಎಲ್ಲರಿಗೂ ಎಟುಕಬೇಕೆಂಬುದು ಅವನ ಅಭಿಪ್ರಾಯ.

ತೊಂದರೆಯಾದದ್ದು ಬಾಯ್‌ಗಾರಾ ಒಬ್ಬನಿಗೇ. ಅವನದು ಬೆಟ್ಟದ ಮಗ್ಗುಲು ಮುಚ್ಚುವಷ್ಟು ದೊಡ್ಡ ಕುದುರೆ ಹಿಂಡು. ತಾನು ಸತ್ತದ್ದಕ್ಕೆ ಒಂದು ಕುದುರೆ ಉಳಿಯಿತು. ತಮ್ಮಂದಿರು, ಮಕ್ಕಳು, ಭಾವಮೈದುನರು ಎಲ್ಲ ಸತ್ತು ಮುಗಿದರೂ ಹಿಂಡು ಮುಗಿಯಲಿಲ್ಲ. ಅವನು ಎರಡನೆಯ ಸಲ ಸಾಯಲು ಅರ್ಜಿ ಹಾಕಿದ. ಆ ಅರ್ಜಿ ಜಿಲ್ಲಾ ಕಚೇರಿಗೆ ಹೋಗಿ, ಅಲ್ಲಿ ಹದಿನೈದು ಜನ ಚರ್ಚೆ ಮಾಡಿ, ಈ ಕೆಳಗಿನ ಪ್ರಕಟಣೆ ಹೊರಟಿತು. ಹೊಳೆಯ ಸೇತುವೆಗೆ ಅಂಟಿಸಿದ ಅದನ್ನು ಫಖ್ರೆತ್ತಿನ್ ಗಟ್ಟಿಯಾಗಿ ಓದಿ ಹೇಳಿದ:

“ಸಮಸ್ತ ಪ್ರಜೆಗಳಿಗೆ, ವಿಶೇಷವಾಗಿ ದಿವಂಗತರಿಗೆ ತಿಳಿಯಪಡಿಸುವುದೇನೆಂದರೆ: ಒಬ್ಬ ವ್ಯಕ್ತಿ ಒಂದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಸಾಯತಕ್ಕದ್ದಲ್ಲ. ಒಬ್ಬನ ಸಾವಿಗೆ ಒಂದೇ ಕುದುರೆ ಶೋಕಿಸತಕ್ಕದ್ದು. ಆ ಕುದುರೆ ಸತ್ತವನದೇ ಆಗಿರತಕ್ಕದ್ದು. ದಿವಂಗತರು ಎಂದಿನಂತೆ ತೆರಿಗೆ ಕಟ್ಟತಕ್ಕದ್ದು. ಶೋಕದಲ್ಲಿರುವ ಕುದುರೆಯನ್ನು ಯಾರಾದರೂ ಸವಾರಿಗೆ ಬಳಸಿದಲ್ಲಿ ಅಂಥ ಶೋಕ ಸುಳ್ಳೆಂದು ಭಾವಿಸಿ ಕುದುರೆಯನ್ನು ನಿಂತ ನಿಲುವಿನಲ್ಲೇ ಸೈನ್ಯಕ್ಕೆ ಸೇರಿಸತಕ್ಕದ್ದು. ವರ್ಷಾಂತ್ಯಕ್ಕೆ ಕುದುರೆಯನ್ನು ಆಚಾರದಂತೆ ಕಡಿಯತಕ್ಕದ್ದು. ಕಡಿಯದಿದ್ದಲ್ಲಿ ಅದೂ ಸೈನ್ಯಕ್ಕೆ.”

ಬಾಯ್‌ಗಾರಾ ತಲೆ ಕೆರೆದುಕೊಂಡು, ಕುದುರೆಯಿಲ್ಲದ ಬಡವರನ್ನೆಲ್ಲ ಕರೆಸಿದ. ಒಬ್ಬೊಬ್ಬರ ಹೆಸರಿಗೂ ಒಂದೊಂದು ಕುದುರೆ ಬರೆದುಕೊಟ್ಟು, ತನ್ನ ಪರವಾಗಿ ಸಾಯಲು ಕೇಳಿಕೊಂಡ. ಹುಟ್ಟಿದಾಗಿನಿಂದ ಕಾಲ್ನಡಿಗೆಯಲ್ಲೇ ಇದ್ದ ಕಲ್ದಿಬಾಯ್ ಎಂಬವನು ಕೆಂಪುಕುದುರೆಯೊಂದಕ್ಕಾಗಿ ಸತ್ತ. ಮಾರನೆಯ ದಿನವೇ ಬಾಯ್‌ಗಾರಾನ ದೊಡ್ಡಿಗೆ ಬಂದು ನಿಂತ.

“ನನ್ನ ಕುದುರೆ ಯಾಕೆ ಸೊರಗಿದೆ? ಓಟ್ಸ್ ಹಾಕಿಲ್ವಾ?”

“ನಿನ್ನ ಕುದುರೆಯೇನೋ! ಹೆಸರಿಗೆ ಬರೆದಿದ್ದಷ್ಟೆ ಕಣೋ!”

“ಹಂಗಂತ ಸಾಹೇಬರ ಹತ್ರ ಹೇಳ್ಲಾ?”

ಬಾಯ್‌ಗಾರಾ ಓಟ್ಸ್ ಹಾಕಿಸಿದ. ಸತ್ತ ಮೇಲೆ ತನ್ನ ಕಾಲ ಚೆನ್ನಾಗಿ ಬಂತೆಂದು ಕಲ್ದಿಬಾಯ್ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ.

ಇತ್ತ ಉರ್ಕಿಯಾಳಿಗೆ ನಿದ್ದೆ ಇಲ್ಲ. ಬೂದ ಉಳಿದಿತ್ತು, ಆದರೆ ಹತ್ತುವ ಹಾಗಿಲ್ಲ. ಹತ್ತಲಾಗದ ಕುದುರೆ ಎಸಿರ್ಕೆಪ್‌ನ ಪಾಲಿಗೆ ಇದ್ದೂ ಇಲ್ಲದ ಹಾಗೆ. ಸಾಲದ್ದಕ್ಕೆ ಬಿಸಿಲೇರಿ ನೊಣ ಎದ್ದವು. ಬಾಲವಿಲ್ಲದ ಬೂದ ಹಿಂಬದಿಯ ನೊಣ ಓಡಿಸಲಾಗದೆ ಕಾಲು ಒದರುತ್ತ, ಚರ್ಮ ನಡುಗಿಸುತ್ತ, ಉರ್ಕಿಯಾಳ ಕಡೆ ನೋಡುತ್ತ ನಿಲ್ಲುತ್ತಿತ್ತು. ಎಸಿರ್ಕೆಪ್ ಕೋಲೂರಿಕೊಂಡು ಹೋಗಿ ಅದರ ಹಿಂದೆ ನಿಂತು, ಬೇವಿನ ಸೊಪ್ಪಿನಷ್ಟೇ ಕಹಿಯ ಕಾಡುಗಿಡದ ಪೊರಕೆ ಹಿಡಿದು ನೊಣ ಬೀಸುತ್ತಿದ್ದ.

“ನೋಡು, ನಿನ್ನ ದುಃಖದಲ್ಲಿ ಅದು ಹೆಂಗೆ ಒದ್ದಾಡ್ತಿದೆ,” ಎನ್ನುತ್ತಿದ್ದಳು ಉರ್ಕಿಯಾ.

“ನಾನು ಸತ್ತದ್ದಕ್ಕೆ ನೀನಿಷ್ಟು ಒದ್ದಾಡಿದ್ದು ಕಾಣೆ.”

“ಒದ್ದಾಡೋಕೆ ಪುರುಸೊತ್ತು ಎಲ್ಲಿದೆ? ನಿಂಗೆ ಮೂರು ಹೊತ್ತು ಬೇಯಿಸಿ ಹಾಕ್ಬೇಕಲ್ಲ.”

ಬೀಡು ಹೊರಡುವ ದಿನ ಬಂತು. ಗುಡಾರಗಳು ಕಳಚಿ ಒಂಟೆಗಳ ಮೇಲೇರಿದವು. ಉರ್ಕಿಯಾಳ ಗುಡಾರವೂ ಕನಿಪಾಳ ಒಂಟೆಯ ಮೇಲೇರಿತು. ಎಸಿರ್ಕೆಪ್ ಒಬ್ಬ ಮಾತ್ರ, ಗುಡಾರವಿದ್ದ ಜಾಗದ ದುಂಡನೆಯ ಬಿಳಿಚಿದ ಹುಲ್ಲಿನ ನಡುವೆ, ಕೂತೇ ಇದ್ದ.

“ನೀನು ಹೋಗು,” ಎಂದ ಅವನು. “ಕುರಿ ಸಾಯ್ತವೆ. ನಂಗೇನು, ಆಗಲೇ ಸತ್ತಾಗಿದೆ.”

ಉರ್ಕಿಯಾ ಈ ಮಾತಿಗೆ ಬೈಯಲಿಲ್ಲ. ಇದುವರೆಗೆ ಅವನ ಯಾವ ಮಾತಿಗೂ ಬೈಯದೆ ಬಿಟ್ಟವಳಲ್ಲ, ಎಸಿರ್ಕೆಪ್‌ಗೆ ಗಾಬರಿಯಾಯಿತು. ಅವಳು ಸುಮ್ಮನೆ ಕನಿಪಾಳ ಕಡೆ ನೋಡುತ್ತಿದ್ದಳು. ಕನಿಪಾ ತನ್ನ ಕರಿಕುದುರೆಯ ಮೇಲೆ, ಪದ್ಧತಿಯಂತೆ, ಗಂಡನ ಜೀನನ್ನು ಹಿಂದುಮುಂದಾಗಿ ಬಿಗಿಯುತ್ತಿದ್ದಳು. ಅದರ ಮೇಲೆ ಅವನ ತುಪ್ಪಟದ ಕೋಟು ಹೊದಿಸಿ, ಅದರ ಮೇಲೆ ಅವನ ಟೊಪ್ಪಿಗೆ ಇಟ್ಟು, ಲಗಾಮು ಹಿಡಿದಳು. ಸತ್ತವನ ಕುದುರೆ ವಲಸೆ ಹೋಗುವುದೇ ಹಾಗೆ, ಬಟ್ಟೆ ಹೊತ್ತುಕೊಂಡು.

“ಏಳು,” ಎಂದಳು ಉರ್ಕಿಯಾ ಗಂಡನಿಗೆ. “ಕೋಟು ಹಾಕ್ಕೋ. ಟೊಪ್ಪಿಗೆ ಹಾಕ್ಕೋ.”

ಸೇತುವೆಯ ಬಳಿ ಕ್ಯಾಪ್ಟನ್ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಂದೊಂದೇ ಕುದುರೆ ಬಾಲವಿಲ್ಲದೆ, ಬಟ್ಟೆ ಹೊತ್ತು ಹಾದುಹೋಯಿತು. ಸತ್ತವರು ಪಕ್ಕದಲ್ಲೇ ಬರಿತಲೆಯಲ್ಲಿ, ಬೆವರೊರೆಸಿಕೊಳ್ಳುತ್ತ ನಡೆದರು. ಕನಿಪಾಳ ಕರಿಕುದುರೆಗೆ ಸಾಹೇಬರು ಎದ್ದು ನಿಂತರು. ಅದರ ಪಕ್ಕದಲ್ಲಿ ಯಾರೂ ನಡೆಯುತ್ತಿರಲಿಲ್ಲ. ಆಮೇಲೆ ಬೂದ ಬಂತು. ಲಗಾಮು ಉರ್ಕಿಯಾಳ ಕೈಯಲ್ಲಿ. ಜೀನು ಹಿಂದುಮುಂದು. ಜೀನಿನ ಮೇಲೆ ಕೋಟು, ಕೋಟಿನ ಮೇಲೆ ಟೊಪ್ಪಿಗೆ. ಕೋಟು ಮತ್ತು ಟೊಪ್ಪಿಗೆಯ ನಡುವೆ ಎಸಿರ್ಕೆಪ್‌ನ ಮುಖ, ಬಂದ ದಾರಿಯ ಕಡೆಗೆ ತಿರುಗಿಕೊಂಡು. ಅವನ ಕೈಯಲ್ಲಿ ಪೊರಕೆಯಿತ್ತು. ಬೂದನ ಹಿಂಬದಿಯ ನೊಣಗಳನ್ನು ಒಂದೇ ಸಮನೆ ಬೀಸುತ್ತಿದ್ದ.

“ನಿಲ್ಲಿಸಿ!” ಎಂದರು ಸಾಹೇಬರು. ಸಿಪಾಯಿ ಬೂದನ ಹಗ್ಗಕ್ಕೆ ಕೈಹಾಕಿದ. ಉರ್ಕಿಯಾ ಲಗಾಮು ಬಿಡಲಿಲ್ಲ. “ಇದು ಸವಾರಿ!”

“ಅಲ್ಲ ಸಾಹೇಬರೇ, ಇದು ದಿವಂಗತರ ಬಟ್ಟೆ,” ಎಂದಳು ಉರ್ಕಿಯಾ. ಫಖ್ರೆತ್ತಿನ್ ಅದನ್ನು ಸಾಹೇಬರ ಭಾಷೆಗೆ ತಿರುಗಿಸಿ ಹೇಳಿದ.

“ಒಳಗೆ ಯಾರೋ ಇದ್ದಾರೆ.”

“ದಿವಂಗತರು.”

“ಬಟ್ಟೆಯೊಳಗೆ ದಿವಂಗತರು ಇರಬಹುದೇ?”

“ಬೇರೆ ಯಾರಾದ್ರೂ ಇದ್ರೆ ತಪ್ಪು ಸಾಹೇಬರೇ. ಅವರ ಬಟ್ಟೆ, ಅವರೇ ಇದ್ದಾರೆ. ಮತ್ತೆ ಸವಾರಿ ಅಂದ್ರೆ ಹೋಗೋ ಕಡೆ ನೋಡ್ಕೊಂಡು ಹೋಗೋದು. ಇವರು ನೋಡಿ, ಎಲ್ಲಿಗೆ ಹೋಗ್ತಿದ್ದೀನಿ ಅಂತ್ಲೇ ಇವರಿಗೆ ಗೊತ್ತಿಲ್ಲ. ಬದುಕಿದ್ದಾಗ್ಲೂ ಗೊತ್ತಿರ್ಲಿಲ್ಲ ಬಿಡಿ.”

“ಬಾಯ್ಮುಚ್ಚೇ,” ಎಂದಿತು ಕೋಟು.

ಕ್ಯಾಪ್ಟನ್ ಸಾಹೇಬರು ನಿಯಮಾವಳಿ ತೆಗೆಸಿದರು. ಹಾಳೆ ಹಾಳೆ ತಿರುವಿದರು. ಸೇತುವೆಯ ಮೇಲೆ ಒಂಟೆಗಳು ನಿಂತವು, ಕುರಿಗಳು ನಿಂತವು, ನಾಯಿಗಳು ಕೂಡ ಕೂತುಕೊಂಡವು. ಬೂದ ಮಾತ್ರ ಮೂಗಿನಿಂದ ಸಾಹೇಬರ ಜೇಬು ತಡವುತ್ತಿತ್ತು.

“ಬಟ್ಟೆ ಖಾಲಿಯಿರಬೇಕೆಂದು ಎಲ್ಲಿಯೂ ಹೇಳಿಲ್ಲ,” ಎಂದರು ಸಾಹೇಬರು ಕೊನೆಗೆ. ಅವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. “ಅಲ್ಲದೆ, ಬೆಳಗಿನಿಂದ ಗಾಳಿಗೆ ಎಷ್ಟೋ ಕೋಟುಗಳು ಹಾರಿ ಹೊಳೆಗೆ ಬಿದ್ದವು. ಅದನ್ನು ತಪ್ಪಿಸಲು ಇದೊಂದು ಒಳ್ಳೆಯ ಕ್ರಮ.” ಹೀಗೆಂದು ಅಲ್ಲಿಯೇ ಬರೆಸಿದರು: “ಇನ್ನು ಮುಂದೆ ವಲಸೆಯ ಕಾಲದಲ್ಲಿ ದಿವಂಗತರು ತಮ್ಮ ತಮ್ಮ ಬಟ್ಟೆಯೊಳಗೆ ಕಡ್ಡಾಯವಾಗಿ ಇರತಕ್ಕದ್ದು. ಇರಲು ಆಗದಷ್ಟು ಸತ್ತವರಿಗೆ ವಿನಾಯಿತಿಯುಂಟು. ನೊಣ ಓಡಿಸುವ ಜವಾಬ್ದಾರಿ ದಿವಂಗತರದೇ.”

ಬರೆದದ್ದಕ್ಕೆ ಮೊಹರು ಬಿತ್ತು. ಸಾಹೇಬರು ಎಸಿರ್ಕೆಪ್‌ಗೆ ಸಲಾಮು ಹೊಡೆದರು. ಮುಂದೆ ಹೋಗಿದ್ದವರೆಲ್ಲ ಅಲ್ಲಲ್ಲೇ ನಿಂತು ತಮ್ಮ ಕೋಟುಗಳೊಳಗೆ ಹತ್ತಿಕೊಂಡರು. ಕಲ್ದಿಬಾಯ್ ಹುಟ್ಟಿದ ಮೇಲೆ ಮೊದಲ ಸಲ ಕುದುರೆ ಏರಿದ. ಅವನಿಗೆ ಹಿಂದುಮುಂದಿನ ವ್ಯತ್ಯಾಸವೇ ತಿಳಿಯಲಿಲ್ಲ. ಇಡೀ ಬೀಡು ಬಿಟ್ಟುಬಂದ ಬಯಲನ್ನು ನೋಡುತ್ತ, ನೊಣ ಬೀಸುತ್ತ, ಬೆಟ್ಟ ಹತ್ತಿತು. ಲಗಾಮುಗಳೆಲ್ಲ ಹೆಂಗಸರ ಕೈಯಲ್ಲಿದ್ದುದರಿಂದ ಆ ವರ್ಷ ಯಾರೂ ದಾರಿ ತಪ್ಪಲಿಲ್ಲ.

ವರ್ಷ ತುಂಬಿತು. ಯುದ್ಧ ಮುಗಿದಿರಲಿಲ್ಲ. ಕನಿಪಾ ತನ್ನ ಗಂಡನ ಹೆಸರಿನಲ್ಲಿ ಊಟ ಹಾಕಿ, ಅತ್ತು, ಕರಿಕುದುರೆಯನ್ನು ಕಡಿದಳು. ಅವಳ ಶೋಕ ನಿಜದ್ದು. ಉಳಿದವರ ಮನೆಗೆ ಕ್ಯಾಪ್ಟನ್ ಸಾಹೇಬರು, ಒಂದೋ ಕಡಿಯಿರಿ ಇಲ್ಲವೇ ಕೊಡಿ ಎಂದು ಹೊರಟರು. ಮೊದಲು ಬಂದದ್ದು ಉರ್ಕಿಯಾಳ ಬಾಗಿಲಿಗೆ.

“ಕಡಿಯೋಕಾಗಲ್ಲ ಸಾಹೇಬರೇ,” ಎಂದಳು ಅವಳು. ತಲೆಗೆ ಹೊಸ ಬಿಳಿವಸ್ತ್ರ ಕಟ್ಟಿದ್ದಳು. “ಇವತ್ತು ನನ್ನ ಮದುವೆ. ಗಂಡ ಸತ್ತ ಹೆಂಗಸನ್ನ ಗಂಡನ ತಮ್ಮ ಮದುವೆ ಮಾಡ್ಕೊಳ್ಳೋದು ನಮ್ಮಲ್ಲಿ ಪದ್ಧತಿ. ಬೂದ ಇನ್ಮೇಲೆ ಅವನ ಪಾಲಿಗೆ.”

“ನಿಮ್ಮ ಗಂಡನಿಗೆ ತಮ್ಮನಿದ್ದಾನೆಯೇ?”

ಪರದೆ ಸರಿಸಿಕೊಂಡು ಎಸಿರ್ಕೆಪ್ ಹೊರಗೆ ಬಂದ. ಗಡ್ಡ ಬೋಳಿಸಿದ್ದ. ಅವನ ಗಲ್ಲವನ್ನು ಉರ್ಕಿಯಾ ನೋಡಿ ಯಾವ ಕಾಲವಾಗಿತ್ತೋ. ಅವಳಿಗೇ ಒಂದು ಕ್ಷಣ ನಾಚಿಕೆಯಾಯಿತು. ತೋಳಿನ ತುಂಬ ಅವನು ಬೆರಣಿ ತಂದಿದ್ದ.

“ಹೋಲಿಕೆ ಇದೆ,” ಎಂದರು ಕ್ಯಾಪ್ಟನ್ ಸಾಹೇಬರು.

“ಅಣ್ಣನಿಗಿಂತ ವಾಸಿ,” ಎಂದಳು ಉರ್ಕಿಯಾ.

ಸಾಹೇಬರು ಯೋಚಿಸಿ ನೋಡಿದರು. ಮಾಲೀಕ ಬದಲಾದ ಮೇಲೆ ಕಡಿಯುವ ಮಾತು ಬರುವುದಿಲ್ಲ. ಆದರೆ ಶೋಕವೂ ಮುಗಿಯಿತು. ಜೀವಂತ ಮನುಷ್ಯನ ಕುದುರೆ ಸೈನ್ಯಕ್ಕೆ ಸೇರತಕ್ಕದ್ದು. ಮದುವೆಯ ದಿನ ತೆಗೆದುಕೊಂಡು ಹೋಗುವುದು ಮಾತ್ರ ಸಭ್ಯತೆಯಲ್ಲ. “ನಾಳೆ ಬೆಳಿಗ್ಗೆ ಬರುತ್ತೇನೆ,” ಎಂದು ಹೇಳಿ, ಮದುವೆ ಊಟಕ್ಕೆ ಕೂತು, ಮಾಂಸ ಚೆನ್ನಾಗಿದೆಯೆಂದು ಹೊಗಳಿದರು. ಆ ವಾರ ಬೀಡಿನಲ್ಲಿ ಮನೆಮನೆಗೂ ಮದುವೆ. ಸಾಹೇಬರು ಎಲ್ಲದಕ್ಕೂ ಬಂದು ಉಂಡರು. ಬಾಯ್‌ಗಾರಾನ ಪರವಾಗಿ ಸತ್ತ ಬಡವರು ಮಾತ್ರ ಮದುವೆಯಾಗಿ, ತಮ್ಮ ತಮ್ಮ ಕುದುರೆಗೆ ತಾವೇ ವಾರಸುದಾರರಾಗಿ, ಅವನ್ನು ಮನೆಗೆ ಹೊಡೆದುಕೊಂಡು ಹೋದರು. ಇದಕ್ಕೂ ನಿಯಮದಲ್ಲಿ ಅಡ್ಡಿಯಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೊಸ ಮದುಮಗ ಬಾಗಿಲ ಪರದೆ ಸರಿಸಿ ನೋಡಿದ. ಬಿಸಿಲು ಇನ್ನೂ ಬೂದನ ಕಿವಿಯ ತುದಿಗೆ ಮಾತ್ರ ತಾಗಿತ್ತು. ವರ್ಷದಲ್ಲಿ ಒಂದು ಗೇಣು ಬೆಳೆದಿದ್ದ ಬಾಲವನ್ನು ಉರ್ಕಿಯಾ ಎಡಗೈಯಲ್ಲಿ ಹಿಡಿದು, ಬಲಗೈಯ ಕತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ದೂರದಲ್ಲಿ ಕ್ಯಾಪ್ಟನ್ ಸಾಹೇಬರು ಬರುವುದು ಕಾಣಿಸುತ್ತಿತ್ತು. ಸಂತಾಪ ಸೂಚಿಸಲು ಅನುಕೂಲವಾಗಲೆಂದು ಅವರು ಆಗಲೇ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಇಷ್ಟು ಬೇಗನಾ?” ಎಂದ ಎಸಿರ್ಕೆಪ್.

“ಅವಸರ ಏನಿಲ್ಲ,” ಎಂದಳು ಉರ್ಕಿಯಾ. “ಚಹಾ ಕುಡಿದು ಮುಗಿಸು.”